ಊರು ನಗರ ಆಗೋದು ಯಾವಾಗ? ಬೀದರ್, ಭಾಲ್ಕಿ, ಔರಾದ್: ಮೂರು ಬೋರ್ಡ್, ಒಂದು ಏಣಿ

ಇವತ್ತಿನ ಸಂಚಿಕೆ ನಮ್ಮ ಬೀದರ್ ಜಿಲ್ಲೆಯ ಮೂರು ಬೋರ್ಡ್‌ಗಳ ಬಗ್ಗೆ.

ಔರಾದ್‌ಗೆ ಹೋಗಿ. ಅಲ್ಲಿ ಕಚೇರಿ ಮೇಲೆ ‘ಪಟ್ಟಣ ಪಂಚಾಯಿತಿ’ ಅಂತ ಬರೆದಿದೆ. ಭಾಲ್ಕಿಗೆ ಬನ್ನಿ, ‘ಪುರಸಭೆ’. ಬೀದರ್‌ನಲ್ಲಿ ನಾವೆಲ್ಲ ಹುಟ್ಟಿದಾಗಿಂದ ನೋಡಿದ್ದು ‘ನಗರಸಭೆ’. ಬೀದರ್‌ನಿಂದ ಆ ಎರಡೂ ಊರಿಗೆ 40 ಕಿಲೋಮೀಟರ್ ಆಸುಪಾಸು ದಾರಿ. ಒಂದೇ ಜಿಲ್ಲೆ, ಒಂದೇ ಜೋಳದ ರೊಟ್ಟಿ, ಒಂದೇ ಬಿಸಿಲು. ಆದರೂ ಬೋರ್ಡ್ ಮೂರು ಥರ. ಇದರ ಮೇಲೆ, 2024ರ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ನಡೆದ ರಾಜ್ಯ ಸಚಿವ ಸಂಪುಟ ಸಭೆ ಬೀದರ್ ಮತ್ತು ರಾಯಚೂರು ನಗರಸಭೆಗಳನ್ನ ಮಹಾನಗರ ಪಾಲಿಕೆ ಮಾಡೋಕೆ ಒಪ್ಪಿಗೆ ಕೊಟ್ಟಿತು. ಅಂದ್ರೆ ಏಣಿಯ ನಾಲ್ಕನೇ ಮೆಟ್ಟಿಲು.

ಆ ಸುದ್ದಿ ಬಂದಾಗ ಚಹಾ ಅಂಗಡಿಯಿಂದ ಹಿಡಿದು ವಾಟ್ಸಾಪ್ ಗುಂಪಿನ ತನಕ ಎರಡು ಮಾತು ಕೇಳಿಬಂದವು. ಒಂದು, ‘ಇನ್ನ ನಮ್ದು ದೊಡ್ಡ ಸಿಟಿ ಆತು.’ ಇನ್ನೊಂದು, ‘ಪಾಲಿಕಿ ಆದ್ರ ಟ್ಯಾಕ್ಸ್ ಏರ್ತದ, ಮತ್ತೇನ್ ಬರ್ತದ್ರಿ ನಮಗ?’ ಎರಡೂ ಮಾತು ಸಹಜವೇ. ಆದರೆ ಇವುಗಳ ನಡುವೆ ಯಾರೂ ಕೇಳದೇ ಉಳಿದ ಪ್ರಶ್ನೆ ಒಂದಿದೆ. ಒಂದು ಊರು ನಗರ ಅಂತ ಯಾರು ಹೇಳಬೇಕು? ಯಾವ ಲೆಕ್ಕದ ಮೇಲೆ? ನಡುವೆ ಜನರಿಗೆ ಬಾಯಿ ಬಿಡೋಕೆ ಅವಕಾಶ ಇದೆಯಾ? ನಾನು ಓದಿದ್ದು ಕಾಮರ್ಸ್, ಕಾನೂನಲ್ಲ. ಆದ್ರೆ ಈ ಕತೆಯಲ್ಲಿ ಕಾನೂನಿಗಿಂತ ಲೆಕ್ಕವೇ ಜಾಸ್ತಿ ಇದೆ, ಹಾಗಾಗಿ ಧೈರ್ಯ ಮಾಡಿದೀನಿ.

ಸುಲ್ತಾನ ಹೇಳಿದ್ರೆ ನಗರ

ಮೊದಲು ಹಿಂದಕ್ಕೆ ಹೋಗೋಣ. 1422ರಲ್ಲಿ ಪಟ್ಟಕ್ಕೆ ಬಂದ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ತನ್ನ ರಾಜಧಾನಿಯನ್ನ ಕಲಬುರಗಿಯಿಂದ ಬೀದರ್‌ಗೆ ತಂದ. ಹೆಸರು ಮುಹಮ್ಮದಾಬಾದ್ ಅಂತ ಆಯ್ತು. ಆಗ ನಗರ ಆಗೋಕೆ ಅಧಿಸೂಚನೆ ಬೇಕಿರಲಿಲ್ಲ, ದೊರೆ ಬಂದು ಕೂತರೆ ಸಾಕು. ಕೋಟೆ ಎದ್ದಿತು, ಊರಿಗೆ ಗೋಡೆ ಬಂತು, ಗೋಡೆಗೆ ಬಾಗಿಲು ಬಂದವು: ಶಾಹಗಂಜ್, ಫತೇ ದರವಾಜಾ, ಮಂಗಲಪೇಟ್, ದುಲ್ಹನ್ ದರವಾಜಾ, ತಲಘಾಟ್. ಬಾಗಿಲ ಒಳಗಿದ್ದವರು ನಗರದವರು, ಹೊರಗಿದ್ದವರು ಹಳ್ಳಿಯವರು. ಗಡಿ ಕಣ್ಣಿಗೆ ಕಾಣ್ತಿತ್ತು, ಕೈಯಲ್ಲಿ ಮುಟ್ಟಬಹುದಿತ್ತು.

ಊರಿನ ನಡುವೆ ಚೌಬಾರಾ. ಅಲ್ಲಿಂದ ನಾಲ್ಕು ದಿಕ್ಕಿಗೆ ರಸ್ತೆ, ನಾಲ್ಕು ಭಾಗ, ಒಂದೊಂದು ಭಾಗಕ್ಕೂ ಒಂದೊಂದು ತಾಲೀಮು. ನೂರ್ ಖಾನ್ ತಾಲೀಮು, ಸಿದ್ದೀಕ್ ಶಾ ತಾಲೀಮು, ಮನಿಯಾರ್ ತಾಲೀಮು, ಪನ್ಸಾಲ್ ತಾಲೀಮು. ಇವತ್ತಿನ ಭಾಷೆಯಲ್ಲಿ ಇವು ವಾರ್ಡ್‌ಗಳು ಅಂದ್ರೂ ತಪ್ಪಿಲ್ಲ. ಹುಡುಗರು ಕುಸ್ತಿ ಆಡೋ ಜಾಗವೇ ಆ ಓಣಿಯ ಗುರುತು. 1470ರ ಸುಮಾರಿಗೆ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಇಲ್ಲಿಗೆ ಬಂದು ಹೋದ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಎದ್ದು ನಿಂತಿತು. ನೌಬಾದ್ ಕಡೆ ನೆಲದೊಳಗೆ ಸುರಂಗ ಕೊರೆದು ನೀರು ಹರಿಸಿದ ಕರೇಜ್ ಕೂಡ ಆ ಬಹಮನಿ ಕಾಲದ್ದೇ. ನಮ್ಮ ಜನ ಅದನ್ನ ಸುರಂಗ ಬಾವಿ ಅಂತಾರೆ.

ಒಂದು ವಿಷಯ ಗಮನಿಸಿ. ನಗರ ಅಂದ್ರೆ ಏನು ಅನ್ನೋ ಪ್ರಶ್ನೆಗೆ ಆ ಕಾಲದಲ್ಲೂ ಉತ್ತರ ಇತ್ತು: ಗೋಡೆ, ನೀರು, ಬಜಾರು, ಓಣಿ. ಆದರೆ ಆ ಉತ್ತರ ಕೊಡೋ ಅಧಿಕಾರ ಇದ್ದದ್ದು ಒಬ್ಬನಿಗೇ. 1657ರಲ್ಲಿ ಔರಂಗಜೇಬ್ ಬೀದರ್ ಗೆದ್ದಾಗ ಹೆಸರೂ ಬದಲಾಯ್ತು, ಜಫರಾಬಾದ್ ಅಂತ. ಊರಿನವರನ್ನ ಯಾರೂ ಕೇಳಲಿಲ್ಲ. ಕೇಳೋ ಪದ್ಧತಿಯೇ ಇರಲಿಲ್ಲ.

ಒಂದು ಜಿಲ್ಲೆ, ಮೂರು ರಾಜ್ಯ, ಮೂರು ಕಾನೂನು

ಮುಂದೆ ನಿಜಾಮರ ಕಾಲ. ನಮ್ಮ ಕಡೆ ಹಿರಿಯರು ಮುನ್ಸಿಪಾಲಿಟಿಗೆ ‘ಬಲ್ದಿಯಾ’ ಅನ್ನೋದು ಕೇಳಿರಬಹುದು. ಅದು ಆ ಕಾಲದ ಉರ್ದು ಆಡಳಿತದಿಂದ ಉಳಿದ ಮಾತು. ಕಚೇರಿ ಭಾಷೆ ಉರ್ದು, ಶಾಲೆ ಭಾಷೆ ಉರ್ದು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದರು ಅನ್ನೋದು ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತಿರೋ ಕತೆ. ಬೋರ್ಡ್ ಮೇಲೆ ಬರೆದದ್ದೇ ಬೇರೆ, ಒಳಗೆ ನಡೆಯೋದೇ ಬೇರೆ. ಈ ಮಾತನ್ನ ನೆನಪಲ್ಲಿಟ್ಕೊಳ್ಳಿ, ಪಾಲಿಕೆ ವಿಷಯಕ್ಕೂ ಬೇಕಾಗುತ್ತೆ.

1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಕಲಬುರಗಿಯ ಸಂಪುಟ ಸಭೆಗೆ ಅದೇ ತಾರೀಖು ಆರಿಸಿದ್ದು ಯಾಕೆ ಅಂತ ಈಗ ತಿಳೀತಲ್ಲ. ಎಂಟು ವರ್ಷ ಆದ್ಮೇಲೆ, 1956ರ ನವೆಂಬರ್ 1ಕ್ಕೆ, ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆ ಬೀದರ್ ಜಿಲ್ಲೆ ಮೂರು ತುಂಡಾಯ್ತು. ಉದಗೀರ್, ನಿಲಂಗಾ, ಅಹಮದ್‌ಪುರ ತಾಲ್ಲೂಕುಗಳು ಮುಂಬೈ ರಾಜ್ಯಕ್ಕೆ. ನಾರಾಯಣಖೇಡ, ಜಹೀರಾಬಾದ್ ತಾಲ್ಲೂಕಿನ ಬಹುಭಾಗ, ಜೊತೆಗೆ ಬೀದರ್ ತಾಲ್ಲೂಕಿನದ್ದೇ ನ್ಯಾಲಕಲ್ ಹೋಬಳಿ ಆಂಧ್ರಕ್ಕೆ. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಕಡೆ ಮೈಸೂರು ರಾಜ್ಯಕ್ಕೆ.

ಇದರಿಂದ ಊರುಗಳ ಹಣೆಬರಹ ಬೇರೆ ಬೇರೆ ಕಾನೂನಿಗೆ ಸೇರಿತು. ಹಿಂದೆ ಒಂದೇ ಜಿಲ್ಲೆಯ ಅಣ್ಣತಮ್ಮಂದಿರಂತಿದ್ದ ಊರುಗಳಲ್ಲಿ ಉದಗೀರ್ ಇವತ್ತು ಮಹಾರಾಷ್ಟ್ರದ 1965ರ ಕಾಯ್ದೆ ಪ್ರಕಾರ ನಗರ ಪರಿಷತ್ತು. ಜಹೀರಾಬಾದ್ ತೆಲಂಗಾಣದ 2019ರ ಕಾಯ್ದೆ ಕೆಳಗೆ ಮುನ್ಸಿಪಾಲಿಟಿ. ನಾವು ಕರ್ನಾಟಕದ ಏಣಿ ಹತ್ತಿದವರು. ನಗರ ಅನ್ನೋದು ನೆಲದ ಗುಣ ಮಾತ್ರ ಅಲ್ಲ, ಯಾವ ರಾಜ್ಯದ ಪುಸ್ತಕದಲ್ಲಿ ನಿಮ್ಮ ಹೆಸರಿದೆ ಅನ್ನೋದೂ ಹೌದು.

ಅಷ್ಟಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೇ ಒಂದು ದೊಡ್ಡ ತಲೆನೋವಿತ್ತು. ಹಳೆ ಮೈಸೂರಿನ ಊರುಗಳಿಗೆ ಒಂದು ಕಾಯ್ದೆ, ಧಾರವಾಡ ಬೆಳಗಾವಿ ಕಡೆ ಮುಂಬೈ ಕಾಯ್ದೆ, ಮಂಗಳೂರು ಕಡೆ ಮದ್ರಾಸ್ ಕಾಯ್ದೆ, ಕೊಡಗಿಗೆ ಇನ್ನೊಂದು, ನಮಗೆ 1956ರ ಹೈದರಾಬಾದ್ ಜಿಲ್ಲಾ ಮುನ್ಸಿಪಾಲಿಟಿಗಳ ಕಾಯ್ದೆ. ಒಂದೇ ಸರ್ಕಾರ, ಐದು ಥರದ ರೂಲ್ ಪುಸ್ತಕ. ಇದನ್ನೆಲ್ಲ ರದ್ದು ಮಾಡಿ ಬಂದದ್ದು ಕರ್ನಾಟಕ ಪೌರಸಭೆಗಳ ಅಧಿನಿಯಮ, 1964. ದೊಡ್ಡ ನಗರಗಳಿಗೆ ಆಮೇಲೆ ಬಂದದ್ದು ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976. ಇವತ್ತಿಗೂ ಔರಾದ್ ಮತ್ತು ಭಾಲ್ಕಿ ಮೊದಲನೇ ಪುಸ್ತಕದಲ್ಲಿವೆ. ಪಾಲಿಕೆ ಆಗೋದು ಅಂದ್ರೆ ಒಂದು ಪುಸ್ತಕದಿಂದ ಹೊರಬಂದು ಇನ್ನೊಂದು ಪುಸ್ತಕದೊಳಗೆ ಹೋಗೋದು.

ಏಣಿಯ ಮೆಟ್ಟಿಲುಗಳು

1993ರ ಜೂನ್ 1ರಿಂದ ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂತು. ಅದಕ್ಕೂ ಮುಂಚೆ ಊರಿನ ಆಡಳಿತ ಪೂರ್ತಿ ರಾಜ್ಯದ ಮರ್ಜಿ. ಚುನಾವಣೆ ಯಾವಾಗ ಅಂತಲೂ ಗ್ಯಾರಂಟಿ ಇರಲಿಲ್ಲ. ತಿದ್ದುಪಡಿ ಬಂದ್ಮೇಲೆ ನಗರ ಸಂಸ್ಥೆಗಳಿಗೂ ಸಂವಿಧಾನದಲ್ಲಿ ಜಾಗ ಸಿಕ್ಕಿತು: ಐದು ವರ್ಷದ ಅವಧಿ, ರಾಜ್ಯ ಚುನಾವಣಾ ಆಯೋಗ, ಮೀಸಲಾತಿ, 12ನೇ ಅನುಸೂಚಿಯಲ್ಲಿ 18 ಕೆಲಸಗಳ ಪಟ್ಟಿ.

ಅದರ 243 ಕ್ಯೂ ವಿಧಿ ಊರುಗಳನ್ನ ಮೂರು ಜಾತಿ ಮಾಡುತ್ತೆ. ಹಳ್ಳಿಯಿಂದ ಪಟ್ಟಣದ ಕಡೆ ತಿರುಗ್ತಿರೋ ಪ್ರದೇಶ, ಚಿಕ್ಕ ನಗರ ಪ್ರದೇಶ, ದೊಡ್ಡ ನಗರ ಪ್ರದೇಶ. ಯಾವುದು ಯಾವುದು ಅಂತ ರಾಜ್ಯಪಾಲರ ಹೆಸರಿನಲ್ಲಿ ಅಧಿಸೂಚನೆ ಹೊರಡುತ್ತೆ. ನೋಡಬೇಕಾದ್ದು ಏನೇನು? ಜನಸಂಖ್ಯೆ, ಜನಸಾಂದ್ರತೆ, ಸ್ಥಳೀಯ ಆಡಳಿತಕ್ಕೆ ಹುಟ್ಟೋ ಆದಾಯ, ಕೃಷಿಯಲ್ಲದ ಕೆಲಸದಲ್ಲಿರೋರ ಪ್ರಮಾಣ, ಆರ್ಥಿಕ ಮಹತ್ವ, ಮತ್ತೆ ‘ಇತರ ಅಂಶಗಳು’.

ಕರ್ನಾಟಕ ಇದನ್ನ ತನ್ನ ಕಾಯ್ದೆಯಲ್ಲಿ ಸಂಖ್ಯೆಗೆ ಇಳಿಸಿತು. ಸರಳವಾಗಿ ಹೇಳ್ತೀನಿ.

10 ಸಾವಿರದಿಂದ 20 ಸಾವಿರ ಜನ ಅಂದ್ರೆ ಪಟ್ಟಣ ಪಂಚಾಯಿತಿ. ನಮ್ಮ ಔರಾದ್ ಈ ಮೆಟ್ಟಿಲಲ್ಲಿದೆ. 20 ಸಾವಿರ ದಾಟಿದ್ರೆ ಪುರಸಭೆ. 2011ರ ಜನಗಣತಿಯಲ್ಲಿ 40 ಸಾವಿರದ ಆಸುಪಾಸಿದ್ದ ಭಾಲ್ಕಿ ಇಲ್ಲಿ. 50 ಸಾವಿರ ದಾಟಿದ್ರೆ ನಗರಸಭೆ. ಬಸವಕಲ್ಯಾಣ ಈ ಮೆಟ್ಟಿಲಲ್ಲಿದೆ, ಬೀದರ್ ಇದ್ದದ್ದೂ ಇಲ್ಲೇ, 35 ವಾರ್ಡ್‌ಗಳ ಜೊತೆ. 3 ಲಕ್ಷ ಮುಟ್ಟಿದ್ರೆ ಮಹಾನಗರ ಪಾಲಿಕೆ.

ಆದರೆ ತಲೆ ಎಣಿಸಿದ್ರೆ ಮುಗೀಲಿಲ್ಲ. ಪಾಲಿಕೆ ಆಗೋಕೆ 1976ರ ಕಾಯ್ದೆಯ 3ನೇ ಪ್ರಕರಣ ನಾಲ್ಕು ಪ್ರಶ್ನೆ ಕೇಳುತ್ತೆ. ಒಂದು, ಜನ 3 ಲಕ್ಷಕ್ಕೆ ಕಡಿಮೆ ಇರಬಾರದು. ಎರಡು, ಒಂದು ಚದರ ಕಿಲೋಮೀಟರಿಗೆ 3 ಸಾವಿರ ಜನರಾದರೂ ಇರಬೇಕು. ಮೂರು, ಹಿಂದಿನ ಜನಗಣತಿ ವರ್ಷದಲ್ಲಿ ಆ ಪ್ರದೇಶದಿಂದ ಹುಟ್ಟಿದ ಆದಾಯ ವರ್ಷಕ್ಕೆ 6 ಕೋಟಿ ರೂಪಾಯಿ, ಇಲ್ಲಾ ತಲೆಗೆ 200 ರೂಪಾಯಿ, ಯಾವುದು ಹೆಚ್ಚೋ ಅದು. ನಾಲ್ಕು, ದುಡಿಯೋರಲ್ಲಿ ಅರ್ಧದಷ್ಟಾದರೂ ಹೊಲಗೆಲಸ ಬಿಟ್ಟು ಬೇರೆ ಕೆಲಸದಲ್ಲಿರಬೇಕು.

ಮೂರನೇ ಪ್ರಶ್ನೆ ನೋಡಿ ನನಗೆ ಖುಷಿಯಾಯ್ತು. 3 ಲಕ್ಷ ಜನ ಗುಣಿಸು 200 ರೂಪಾಯಿ, ಸರಿಯಾಗಿ 6 ಕೋಟಿ. ಕಾಯ್ದೆ ಬರೆದವರು ಒಂದೇ ಲೆಕ್ಕವನ್ನ ಎರಡು ಕಡೆಯಿಂದ ಕಟ್ಟಿದ್ದಾರೆ. ಜನ 3 ಲಕ್ಷ ಮುಟ್ಟಿರಬೇಕು, ಆ ಜನ ತಮ್ಮ ಊರನ್ನ ತಾವೇ ಸ್ವಲ್ಪ ಮಟ್ಟಿಗೆ ಸಾಕೋ ಹಾಗಿರಬೇಕು. ಆಸ್ತಿ ತೆರಿಗೆ, ನೀರಿನ ಶುಲ್ಕ, ಅಂಗಡಿ ಲೈಸೆನ್ಸ್, ಮಳಿಗೆ ಬಾಡಿಗೆ, ಇವೆಲ್ಲ ಸೇರಿ ಊರಿನ ಆದಾಯ. ಅಂಗಡಿ ಇಡೋಕೆ ಮುಂಚೆ ನಾವು ಹೇಗೆ ಗಿರಾಕಿ ಎಷ್ಟು, ವ್ಯಾಪಾರ ಎಷ್ಟು ಅಂತ ಅಂದಾಜು ಮಾಡ್ತೀವೋ, ಇದೂ ಹಾಗೇ.

2011ರಲ್ಲಿ ನಿಂತ ಗಡಿಯಾರ

ಈಗ ಬೀದರ್ ಸಂಖ್ಯೆ ಹಾಕಿ ನೋಡೋಣ. 2011ರ ಜನಗಣತಿ ಪ್ರಕಾರ ಬೀದರ್ ನಗರದ ಜನಸಂಖ್ಯೆ 2,16,020. ‘ಅದು ಹಳೇ ಲೆಕ್ಕ, ಈಗ ಎಷ್ಟೋ ಏರಿದೆ’ ಅಂತೀರಿ. ಗಾಂಧಿಗಂಜ್ ಕಡೆ ಸಂಜೆ ಹೊತ್ತು ಗಾಡಿ ಓಡಿಸಿದವರು ಯಾರೂ ಅದನ್ನ ಅಲ್ಲಗಳೆಯಲ್ಲ. ಆದರೆ ಸಂವಿಧಾನದ 243 ಪಿ ವಿಧಿಯಲ್ಲಿ ಜನಸಂಖ್ಯೆ ಅನ್ನೋ ಪದಕ್ಕೆ ಅರ್ಥ ಕೊಟ್ಟಿದ್ದಾರೆ: ಅಂಕಿ ಅಂಶ ಪ್ರಕಟವಾಗಿರೋ ಹಿಂದಿನ ಜನಗಣತಿಯ ಸಂಖ್ಯೆ. 2021ರ ಜನಗಣತಿ ಆಗಲೇ ಇಲ್ಲ. ಹಾಗಾಗಿ 2024ರಲ್ಲಿ ಸಂಪುಟ ಕೂತಾಗಲೂ ಕಾನೂನಿನ ಕಣ್ಣಿಗೆ ಕಾಣ್ತಿದ್ದದ್ದು 2011ರ ಬೀದರ್. ಹದಿಮೂರು ವರ್ಷದ ಹಿಂದಿನ ಫೋಟೋ ಇಟ್ಕೊಂಡು ಹುಡುಗನಿಗೆ ಅಂಗಿ ಹೊಲಿಸಿದ ಹಾಗೆ.

3 ಲಕ್ಷದಲ್ಲಿ 2,16,020 ಕಳೆದರೆ 83,980. ಇಷ್ಟು ಜನರ ಕೊರತೆ. ಇದನ್ನ ತುಂಬೋ ದಾರಿ ಯಾವುದು? ಎಲ್ಲ ಊರಿಗೂ ಹೊಳೆಯೋ ದಾರಿ, ಸುತ್ತಲ ಹಳ್ಳಿಗಳನ್ನ ಸೇರಿಸೋದು. ಪಾಲಿಕೆ ಮಾತು ಬಂದ ಕಡೆಯಲ್ಲೆಲ್ಲ ಅದರ ಹಿಂದೆಯೇ ಪಕ್ಕದ ಗ್ರಾಮ ಪಂಚಾಯಿತಿಗಳ ಮಾತೂ ಬರೋದು ಇದಕ್ಕೇ.

ಆದರೆ ಇಲ್ಲೊಂದು ಗಂಟಿದೆ. 2011ರಲ್ಲಿ ಬೀದರ್ ಜಿಲ್ಲೆಯ ಸರಾಸರಿ ಸಾಂದ್ರತೆ ಚದರ ಕಿಲೋಮೀಟರಿಗೆ ಸುಮಾರು 313 ಜನ. ಆ ಸರಾಸರಿಯ ಹಳ್ಳಿಗಳನ್ನ ಸೇರಿಸ್ತಾ ಹೋದ್ರೆ 83,980 ಜನ ಸಿಗೋಕೆ ಸುಮಾರು 268 ಚದರ ಕಿಲೋಮೀಟರ್ ನೆಲ ಬೇಕು. ಆದರೆ 3 ಲಕ್ಷ ಜನರಿಗೆ 3 ಸಾವಿರದ ಸಾಂದ್ರತೆ ಬರಬೇಕಾದ್ರೆ ಇಡೀ ಪಾಲಿಕೆಯ ವಿಸ್ತೀರ್ಣ 100 ಚದರ ಕಿಲೋಮೀಟರ್ ಮೀರೋ ಹಾಗಿಲ್ಲ, ಹಳೆ ನಗರವೂ ಸೇರಿ. ಅಂದ್ರೆ ಮೊದಲನೇ ಪ್ರಶ್ನೆ ಪಾಸಾಗೋಕೆ ಹೊಲ ತಂದ್ರೆ ಎರಡನೇ ಪ್ರಶ್ನೆಯಲ್ಲಿ ಫೇಲ್. ಹೊಲ ಹೆಚ್ಚಿದಷ್ಟೂ ರೈತರು ಹೆಚ್ಚು, ನಾಲ್ಕನೇ ಪ್ರಶ್ನೆಯೂ ಕಷ್ಟ.

ಹಾಗಾದ್ರೆ ಕಾಯ್ದೆ ಕೇಳ್ತಿರೋದು ಏನು? ಕಂಡ ಕಂಡ ಹಳ್ಳಿ ಬೇಡ. ಹೆಸರಿಗೆ ಗ್ರಾಮ ಪಂಚಾಯಿತಿ, ಆದರೆ ಬದುಕು ಪೂರ್ತಿ ಬೀದರ್‌ನದ್ದು ಆಗಿರೋ ಅಂಚಿನ ಬಡಾವಣೆಗಳು, ರಿಂಗ್ ರೋಡ್ ಪಕ್ಕದ ಲೇಔಟ್‌ಗಳು, ಅವು ಬೇಕು. ಸಂವಿಧಾನ ‘ಇತರ ಅಂಶಗಳು’ ಅಂತ ಒಂದು ಬಾಗಿಲು ತೆರೆದಿಟ್ಟಿದೆ ನಿಜ, ಅದರಲ್ಲಿ ಸರ್ಕಾರಕ್ಕೆ ಒಂದಿಷ್ಟು ಸಡಿಲಿಕೆ ಸಿಗುತ್ತೆ. ಜಿಲ್ಲಾ ಕೇಂದ್ರ, ಹಿಂದುಳಿದ ಪ್ರದೇಶ, ಸಂವಿಧಾನದ 371 ಜೆ ವಿಶೇಷ ಸ್ಥಾನ ಇರೋ ಕಲ್ಯಾಣ ಕರ್ನಾಟಕ, ಇಂಥ ವಾದಗಳಿಗೂ ಜಾಗ ಇದೆ. ಆದರೂ ಗಡಿ ರೇಖೆ ಯಾವ ಸರ್ವೆ ನಂಬರಿನ ಈಚೆ, ಯಾವುದರ ಆಚೆ ಅನ್ನೋದು ಬರೀ ನಕ್ಷೆಯ ಕೆಲಸ ಅಲ್ಲ. ಒಂದೊಂದು ಮನೆಯ ಬದುಕಿನ ಪ್ರಶ್ನೆ.

ಗಡಿ ದಾಟಿದ್ದು ಮನೆಯಲ್ಲ, ಕಾನೂನು

ಬೀದರ್ ಅಂಚಿನ ಒಂದು ಹಳ್ಳಿ ಮನೆ ಊಹಿಸಿ. ಅಪ್ಪ ಎರಡೆಕರೆ ತೊಗರಿ ಹಾಕ್ತಾರೆ, ಅವ್ವನ ಹೆಸರಲ್ಲಿ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಇದೆ, ಅಣ್ಣ ಬೀದರ್‌ನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ತಂಗಿ ಊರ ಸರ್ಕಾರಿ ಶಾಲೆಗೆ ಹೋಗ್ತಾಳೆ. ಒಂದು ಬೆಳಗ್ಗೆ ರಾಜ್ಯಪತ್ರದಲ್ಲಿ ಇವರ ಊರು ಪಾಲಿಕೆಗೆ ಸೇರಿತು. ಮನೆ ಒಂದು ಇಂಚೂ ಜರುಗಿಲ್ಲ. ಆದರೆ ಏನೇನು ಬದಲಾಯ್ತು?

ಉದ್ಯೋಗ ಖಾತ್ರಿ ಗ್ರಾಮೀಣ ಪ್ರದೇಶದ ಯೋಜನೆ, ಹಾಗಾಗಿ ಅವ್ವನ ಕಾರ್ಡಿಗೆ ಕೆಲಸ ಇಲ್ಲ. ಮನೆ ದಾಖಲೆ ಪಂಚಾಯಿತಿಯ ಇ-ಸ್ವತ್ತಿನಿಂದ ನಗರದ ಇ-ಆಸ್ತಿಗೆ ಬದಲಾಗಬೇಕು. ಅದು ಸರಿಯಾಗಿ ಆಗೋ ತನಕ ಬ್ಯಾಂಕ್ ಸಾಲ, ಮಾರಾಟ, ಪಾಲು ಪಟ್ಟಿ ಎಲ್ಲದಕ್ಕೂ ಓಡಾಟ. ಬಡವರ ಮನೆ ಕಟ್ಟೋ ಯೋಜನೆ ಹಳ್ಳಿಗೆ ಬೇರೆ, ನಗರಕ್ಕೆ ಬೇರೆ. ಆಸ್ತಿ ತೆರಿಗೆಯ ಲೆಕ್ಕ ಹಾಕೋ ವಿಧಾನವೇ ಬೇರೆ. ಕಟ್ಟಡ ಕಟ್ಟೋಕೆ ಅನುಮತಿ ಕೊಡೋ ಕಚೇರಿ ಬೇರೆ.

ಇನ್ನು ತಂಗಿ ವಿಷಯ. ನಮ್ಮ ವಯಸ್ಸಿನ ಕೇಳುಗರು ಇದನ್ನ ಗಮನ ಕೊಟ್ಟು ಕೇಳಬೇಕು. ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ, ವೃತ್ತಿ ಕೋರ್ಸ್‌ಗಳ ಸೀಟಿನಲ್ಲಿ ಗ್ರಾಮೀಣ ಮೀಸಲಾತಿ ಅಂತ ಒಂದಿದೆ. ಒಂದರಿಂದ ಹತ್ತನೇ ತರಗತಿ ತನಕ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ, ಷರತ್ತುಗಳಿಗೆ ಒಳಪಟ್ಟು, ಅದು ಸಿಗುತ್ತೆ. ಗ್ರಾಮೀಣ ಅಂದ್ರೆ ಏನು? ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಪಾಲಿಕೆ ಗಡಿಯ ಒಳಗಿಲ್ಲದ್ದು. ಇನ್ನು ಮುಂದೆ ಆ ಶಾಲೆಗೆ ಒಂದನೇ ಕ್ಲಾಸಿಗೆ ಸೇರೋ ಮಗು ಓದೋದು ಅದೇ ಕೋಣೆಯಲ್ಲಿ, ಅದೇ ಮಾಸ್ತರ ಹತ್ರ. ಆದರೆ ಕಾಗದದ ಮೇಲೆ ಆ ಮಗು ನಗರದ ಮಗು. ಶಾಲೆಗೆ ನಗರದ ಸೌಲಭ್ಯ ಬರೋಕೆ ಮುಂಚೆ ನಗರದ ಹಣೆಪಟ್ಟಿ ಬಂದಿರುತ್ತೆ.

ಇಷ್ಟು ಕೇಳಿ ಪಾಲಿಕೆ ಬೇಡವೇ ಬೇಡ ಅನ್ನಬೇಡಿ. ಇನ್ನೊಂದು ಕಡೆಯನ್ನೂ ನೋಡೋಣ. ಹಳ್ಳಿ ಅಂತ ಕರೆಸಿಕೊಳ್ಳೋ ಆ ಅಂಚಿನ ಬಡಾವಣೆಗಳಲ್ಲಿ ಚರಂಡಿ ಯಾರದು? ಒಂದು ಗ್ರಾಮ ಪಂಚಾಯಿತಿಯ ಕೈಯಲ್ಲಿ ಒಳಚರಂಡಿ ಹಾಕೋಕೆ ಆಗುತ್ತಾ? ಕಸದ ಗಾಡಿ ನಗರಸಭೆ ಗಡಿಗೆ ಬಂದು ವಾಪಸ್ ಹೋಗುತ್ತೆ, ಆಚೆ ಕಡೆ ಕಸ ರಸ್ತೆ ಪಕ್ಕದಲ್ಲೇ ಉರಿಯುತ್ತೆ. ಕಾರಂಜಾ ನೀರಿನ ಕೊಳವೆ ಎಲ್ಲಿಗೆ ನಿಲ್ಲಬೇಕು ಅನ್ನೋದೂ ಗಡಿಯ ಪ್ರಶ್ನೆಯೇ. ಅಣ್ಣನ ಅಂಗಡಿಗೆ ಒಳ್ಳೆ ರಸ್ತೆ, ಬೀದಿ ದೀಪ, ನಗರ ಬಸ್ಸು ಬೇಕು. ಪಾಲಿಕೆ ಆದ್ರೆ ಹಿರಿಯ ದರ್ಜೆಯ ಆಯುಕ್ತರು ಬರ್ತಾರೆ, ಎಂಜಿನಿಯರ್ ಸಿಬ್ಬಂದಿ ಹೆಚ್ಚುತ್ತೆ, ಅನುದಾನದ ಸಾಲು ಬದಲಾಗುತ್ತೆ. ಅಧ್ಯಕ್ಷರ ಬದಲು ಮೇಯರ್, ಅವರ ಅವಧಿ ಒಂದು ವರ್ಷ. ಸದಸ್ಯರ ಸಂಖ್ಯೆ 30ರಿಂದ 100ರ ನಡುವೆ. 3 ಲಕ್ಷ ದಾಟಿದ ನಗರಕ್ಕೆ ವಾರ್ಡ್ ಸಮಿತಿ ಮಾಡಬೇಕು ಅಂತ ಸಂವಿಧಾನದ 243 ಎಸ್ ವಿಧಿಯೇ ಹೇಳುತ್ತೆ. ಹಳೆ ಬೀದರ್‌ನ ತಾಲೀಮು ನೆನಪಿಸಿಕೊಳ್ಳಿ, ಓಣಿಯ ಮಾತು ಓಣಿಯಲ್ಲೇ ಆಡೋ ಜಾಗ. ವಾರ್ಡ್ ಸಮಿತಿ ನಿಜವಾಗಿ ಕೂತರೆ ಅದು ಹಾಗೇ ಆಗಬಹುದು.

ಒಟ್ಟು ಪಾಲಿಕೆಯಲ್ಲಿ ಲಾಭವೂ ಇದೆ, ನಷ್ಟವೂ ಇದೆ. ಸಮಸ್ಯೆ ಏನಂದ್ರೆ ಎರಡೂ ಒಂದೇ ಮನೆಗೆ ಸಮನಾಗಿ ಬರಲ್ಲ. ಲೇಔಟ್ ಮಾಡಿದವರ ಸೈಟಿನ ಬೆಲೆ ಸುದ್ದಿ ಬಂದ ದಿನವೇ ಏರುತ್ತೆ. ಅವ್ವನ ಕೂಲಿ ದಿನಗಳು ಅಧಿಸೂಚನೆಯ ದಿನವೇ ನಿಲ್ಲುತ್ತೆ. ಒಳಚರಂಡಿ ಬರೋಕೆ ವರ್ಷಗಳೇ ಬೇಕು.

ರಾಣಿ ಕೊಟ್ಟ ಪಟ್ಟ, ಮರೆತು ಹೋದ ಪಟ್ಟ

ಹೊರದೇಶದ ಒಂದು ಉದಾಹರಣೆ ಹೇಳಿದ್ರೆ ನಮ್ಮದರ ಬೆಲೆ ಗೊತ್ತಾಗುತ್ತೆ. ಬ್ರಿಟನ್‌ನಲ್ಲಿ ‘ಸಿಟಿ’ ಅನ್ನೋದು ಒಂದು ಬಿರುದು. ರಾಜ ಅಥವಾ ರಾಣಿ ಪತ್ರ ಕೊಡಬೇಕು. 2022ರಲ್ಲಿ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದು 70 ವರ್ಷ ಆದ ನೆನಪಿಗೆ ಮಿಲ್ಟನ್ ಕೀನ್ಸ್, ಡಾಂಕಾಸ್ಟರ್, ಕೋಲ್ಚೆಸ್ಟರ್ ಇಂಥ ಊರುಗಳಿಗೆ ಆ ಬಿರುದು ಸಿಕ್ಕಿತು. ಬಿರುದಿನ ಜೊತೆ ಹೊಸ ಅಧಿಕಾರವೂ ಇಲ್ಲ, ಹೊಸ ದುಡ್ಡೂ ಇಲ್ಲ. ರೋಚೆಸ್ಟರ್ ಅಂತ ಒಂದು ಹಳೇ ಊರಿದೆ. 1998ರಲ್ಲಿ ಅಲ್ಲಿನ ಸ್ಥಳೀಯ ಸಂಸ್ಥೆಗಳನ್ನ ವಿಲೀನ ಮಾಡೋವಾಗ ಒಂದು ಕಾಗದದ ಕೆಲಸ ಬಿಟ್ಟುಹೋಗಿ ಅದು ಸಿಟಿ ಪಟ್ಟ ಕಳ್ಕೊಂಡಿತು. ಅದು ಗೊತ್ತಾಗಿದ್ದು ನಾಲ್ಕು ವರ್ಷ ಆದ್ಮೇಲೆ! ಕಳೆದದ್ದು ಯಾರಿಗೂ ತಿಳೀಲಿಲ್ಲ ಅಂದ್ರೆ, ಇದ್ದಾಗಲೂ ದಿನದ ಬದುಕಿಗೆ ಅದರಿಂದ ಅಷ್ಟೇನೂ ಆಗ್ತಿರಲಿಲ್ಲ ಅಂತ ಅರ್ಥ.

ನಮ್ಮಲ್ಲಿ ಹಾಗಲ್ಲ. ಇಲ್ಲಿ ಪಟ್ಟ ಬದಲಾದ ಮರುದಿನವೇ ತೆರಿಗೆ, ಕೂಲಿ, ಶಾಲೆ, ಆಸ್ತಿ ಎಲ್ಲವೂ ಅಲುಗಾಡುತ್ತೆ. ಅದಕ್ಕೇ ನಮ್ಮ ಕಾಯ್ದೆ ಅಲ್ಲಿಲ್ಲದ ಒಂದು ಮೆಟ್ಟಿಲು ಇಟ್ಟಿದೆ. ಈ ಸಂಚಿಕೆಯಲ್ಲಿ ನಾನು ಹೇಳಬೇಕಂತಿದ್ದ ಮುಖ್ಯ ವಿಷಯ ಅದೇ.

ಮೂವತ್ತು ದಿನ

ಸಂಪುಟ ಒಪ್ಪಿಗೆ ಕೊಟ್ಟ ಮಾತ್ರಕ್ಕೆ ಊರು ಪಾಲಿಕೆ ಆಗಲ್ಲ. ಮೊದಲು ಸರ್ಕಾರ ಕರಡು ಅಧಿಸೂಚನೆ ಹೊರಡಿಸಬೇಕು. ಅದರಲ್ಲಿ ಗಡಿ ಇರುತ್ತೆ, ಸೇರೋ ಪ್ರದೇಶಗಳ ವಿವರ ಇರುತ್ತೆ. ಅದು ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ 30 ದಿನ ಆಕ್ಷೇಪಣೆ ಮತ್ತು ಸಲಹೆಗೆ ಸಮಯ. ಬಂದ ಆಕ್ಷೇಪಣೆಗಳನ್ನ ನೋಡಿದ ಮೇಲೆಯೇ ಅಂತಿಮ ಅಧಿಸೂಚನೆ. ಅದರ ನಂತರ ಹಳೆ ಸಂಸ್ಥೆಯ ಆಸ್ತಿ, ಸಾಲ, ಸಿಬ್ಬಂದಿ, ಕೋರ್ಟು ಕೇಸು ಎಲ್ಲ ಹೊಸ ಸಂಸ್ಥೆಗೆ ವರ್ಗ ಆಗುತ್ತೆ. ಕಾಮರ್ಸ್ ಓದಿದವರಿಗೆ ಗೊತ್ತು, ಹಳೆ ಪುಸ್ತಕದ ಕ್ಲೋಸಿಂಗ್ ಬ್ಯಾಲೆನ್ಸ್ ಹೊಸ ಪುಸ್ತಕದ ಓಪನಿಂಗ್ ಬ್ಯಾಲೆನ್ಸ್ ಆಗುತ್ತೆ. ಆಮೇಲೆ ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ಚುನಾವಣೆ. ಭಾಲ್ಕಿ ಮುಂದೆ ನಗರಸಭೆ ಆಗೋದಾದ್ರೂ, ಔರಾದ್ ಪುರಸಭೆ ಆಗೋದಾದ್ರೂ 1964ರ ಕಾಯ್ದೆಯಲ್ಲಿ ದಾರಿ ಹೀಗೇ: ಕರಡು, ಆಕ್ಷೇಪಣೆ, ಅಂತಿಮ.

ಅಹ್ಮದ್ ಶಾ ವಲಿಯ ಕಾಲಕ್ಕೂ ನಮ್ಮ ಕಾಲಕ್ಕೂ ಇರೋ ಅಂತರ ಅಂದ್ರೆ ಈ 30 ದಿನ. ಆಗ ಬಾಗಿಲ ಹೊರಗಿದ್ದ ರೈತನನ್ನ ಯಾರೂ ಕೇಳಲಿಲ್ಲ. ಈಗ ಕೇಳ್ತಾರೆ, ಕಾನೂನು ಕೇಳಿಸುತ್ತೆ. ಆದರೆ ಕೇಳೋದು ರಾಜ್ಯಪತ್ರದಲ್ಲಿ. ಹೊಲಕ್ಕೆ ಹೋಗೋ ಮನುಷ್ಯ, ಕೂಲಿಗೆ ಹೋಗೋ ಹೆಂಗಸು ರಾಜ್ಯಪತ್ರ ಓದಲ್ಲ. ಅವರಿಗೆ ಸುದ್ದಿ ಮುಟ್ಟೋ ಹೊತ್ತಿಗೆ ಅಂತಿಮ ಅಧಿಸೂಚನೆ ಬಂದಿರುತ್ತೆ, ಅಭಿನಂದನೆಯ ಫ್ಲೆಕ್ಸ್ ಕಟ್ಟಿರ್ತಾರೆ.

ಇಲ್ಲಿ ನಮ್ಮಂಥವರ ಕೆಲಸ ಇದೆ. ಮೊಬೈಲ್ ನಮ್ಮ ಕೈಯಲ್ಲಿದೆ. ರಾಜ್ಯಪತ್ರ ಅಂತರ್ಜಾಲದಲ್ಲಿ ಸಿಗುತ್ತೆ. ನಿಮ್ಮ ಊರಿನ ಹೆಸರಿರೋ ಕರಡು ಬಂದ್ರೆ ಅದರ ಪಿಡಿಎಫ್ ಬರೀ ಫಾರ್ವರ್ಡ್ ಮಾಡಬೇಡಿ. ಪಂಚಾಯಿತಿ ಕಟ್ಟೆ ಮೇಲೆ ಕೂತು ನಾಲ್ಕು ಜನರಿಗೆ ಓದಿ ಹೇಳಿ. ನಮ್ಮ ಸರ್ವೆ ನಂಬರ್ ಒಳಗಿದೆಯಾ ಹೊರಗಿದೆಯಾ ನೋಡಿ. ಯಾರಿಗೆ, ಎಷ್ಟರೊಳಗೆ ಬರೆದು ಕೊಡಬೇಕು ಅನ್ನೋದು ಆ ಕರಡಿನಲ್ಲೇ ಇರುತ್ತೆ. ಬರೆಯೋವಾಗ ಬರೀ ‘ನಮಗೆ ಬೇಡ’ ಅಂದ್ರೆ ಅದಕ್ಕೆ ತೂಕ ಕಡಿಮೆ. ಕಾಯ್ದೆಯ ನಾಲ್ಕು ಪ್ರಶ್ನೆ ಹಿಡಿದು ಬರೆಯಿರಿ. ನಮ್ಮ ಊರಲ್ಲಿ ದುಡಿಯೋರಲ್ಲಿ ಹೊಲದವರು ಎಷ್ಟು, ವಿಸ್ತೀರ್ಣ ಎಷ್ಟು, ಜನ ಎಷ್ಟು. ಸೇರಬೇಕು ಅನ್ನೋರೂ ಹಾಗೇ ಬರೆಯಬಹುದು: ನಮ್ಮ ಬಡಾವಣೆಯಲ್ಲಿ ಹೊಲವೇ ಇಲ್ಲ, ಎಲ್ಲರೂ ನಗರಕ್ಕೇ ದುಡಿಯೋಕೆ ಹೋಗ್ತೀವಿ, ನಮ್ಮನ್ನ ಬಿಟ್ಟದ್ದು ಯಾಕೆ? ಅದೂ ಸಲಹೆಯೇ. ಸೇರಿಸೋದೇ ಆದ್ರೆ ಮೊದಲು ನೀರು ಮತ್ತು ಚರಂಡಿಯ ಯೋಜನೆ ತೋರಿಸಿ ಅಂತ ಕೇಳೋದೂ ಸಲಹೆಯೇ.

ಭಾಲ್ಕಿಯ ಪಟ್ಟದ್ದೇವರ ಕತೆಗೆ ಬರ್ತೀನಿ. ಅವತ್ತು ಹೊರಗಿನ ಬೋರ್ಡ್ ಸರ್ಕಾರದ್ದು, ಒಳಗಿನ ಪಾಠ ಜನರದ್ದು. ಬೋರ್ಡ್ ಏನೇ ಇರಲಿ, ಒಳಗಿನದು ನಮ್ಮ ಕೈಯಲ್ಲಿರಬೇಕು ಅನ್ನೋ ಹಟ ಅದು. ಇವತ್ತು ಬೀದರ್‌ಗೂ ಅದೇ ಹಟ ಬೇಕು. ‘ಮಹಾನಗರ’ ಅಂತ ಬರೆಸೋಕೆ ಒಬ್ಬ ಪೇಂಟರ್ ಸಾಕು. ಆ ಬೋರ್ಡಿನ ಕೆಳಗೆ ವಾರ್ಡ್ ಸಮಿತಿ ಕೂರುತ್ತಾ, ಅಂಚಿನ ಓಣಿಗೆ ನೀರು ಬರುತ್ತಾ, ಅವ್ವನ ಕೂಲಿ ಹೋದ ಜಾಗಕ್ಕೆ ಬೇರೆ ದುಡಿಮೆ ಬರುತ್ತಾ ಅಂತ ನಾವೇ ಕೇಳಬೇಕು.

ಔರಾದ್, ಭಾಲ್ಕಿಯ ಗೆಳೆಯರೇ, ಏಣಿಯಲ್ಲಿ ನೀವೂ ಇದ್ದೀರಿ. ಮುಂದಿನ ಜನಗಣತಿಯ ಅಂಕಿ ಪ್ರಕಟವಾದಾಗ 2011ರಲ್ಲಿ ನಿಂತ ಗಡಿಯಾರ ಮತ್ತೆ ಓಡುತ್ತೆ, ರಾಜ್ಯದ ಎಷ್ಟೋ ಊರುಗಳ ಬೋರ್ಡ್ ಬದಲಾಗೋ ಮಾತು ಬರುತ್ತೆ. ಎಣಿಸೋಕೆ ಮನೆಗೆ ಬಂದವರಿಗೆ ಸರಿಯಾಗಿ ಲೆಕ್ಕ ಕೊಡಿ. ಮನೆಯಲ್ಲಿ ಎಷ್ಟು ಜನ, ಯಾರು ಏನು ಕೆಲಸ ಮಾಡ್ತಾರೆ, ಎಲ್ಲ. ನಿಮ್ಮ ಊರು ಪಟ್ಟಣವೋ ನಗರವೋ ಅನ್ನೋ ತೀರ್ಮಾನ ಶುರುವಾಗೋದು ಆ ಫಾರಂ ತುಂಬೋ ನಿಮ್ಮ ಮನೆ ಹೊಸ್ತಿಲಲ್ಲೇ.

ನಿಮ್ಮ ಊರು ಯಾವ ಮೆಟ್ಟಿಲಲ್ಲಿದೆ, ಅಂಚಿನ ಹಳ್ಳಿ ಆಗಿದ್ರೆ ಅಲ್ಲಿ ಏನು ಮಾತು ನಡೀತಿದೆ, ಒಂದು ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರಿ, ಶರಣು.